ಫ್ಲಾಸ್ಕಿನಿಂದ ಹೆಸರುಕಾಳಿನ ಬೇರಿನವರೆಗೆ: ಸಸ್ಯ ಹಾರ್ಮೋನ್ ಪ್ರಾಜೆಕ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಕೆಲವು ವರ್ಷಗಳಿಂದ ಬಾಟನಿ ವಿಭಾಗದ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಕೊನೆಯ ವರ್ಷದ ಮಕ್ಕಳಿಂದ ಒಂದು ಬಗೆಯ ಪ್ರಾಜೆಕ್ಟ್ ಮಾಡಿಸುತ್ತಿದ್ದೇನೆ. ಸಸ್ಯ ಹಾರ್ಮೋನಿನಂತೆ ವರ್ತಿಸುವ ಒಂದು ಸಂಯುಕ್ತವನ್ನು ಮಕ್ಕಳೇ ತಯಾರಿಸಬೇಕು, ಶುದ್ಧ ಮಾಡಬೇಕು, ಕೊನೆಗೆ ಮೊಳಕೆಯ ಮೇಲೆ ಪರೀಕ್ಷಿಸಬೇಕು. ಕಾರಿಡಾರಿನಲ್ಲಿ, ಪೋಷಕರ ಸಭೆಯಲ್ಲಿ, ಬೇರೆ ಕಾಲೇಜಿನ ಮೇಷ್ಟ್ರುಗಳ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರು ಮಾಡುವ ಮುಂಚೆ

ಗಿಡಕ್ಕೂ ಹಾರ್ಮೋನ್ ಇರುತ್ತಾ ಮೇಡಂ? ನಮ್ಮ ಇನ್ಸುಲಿನ್ ತರಹಾನೇನಾ?

ಇರುತ್ತದೆ. ಆದರೆ ಅದನ್ನು ಸುರಿಸಲು ಗಿಡದಲ್ಲಿ ಬೇರೆ ಗ್ರಂಥಿಯಿಲ್ಲ. ಚಿಗುರು, ಎಳೆ ಎಲೆ, ಬೇರಿನ ತುದಿ, ಬಲಿಯುತ್ತಿರುವ ಬೀಜ ಇವೇ ತಯಾರಿಸುತ್ತವೆ, ಒಂದು ಕಡೆ ತಯಾರಾದದ್ದು ಇನ್ನೊಂದು ಕಡೆಯ ಬೆಳವಣಿಗೆಯನ್ನು ಬದಲಿಸುತ್ತದೆ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಇದರ ಸುಳಿವು ಕೊಟ್ಟರು. ಹುಲ್ಲಿನ ಮೊಳಕೆಯ ತುದಿಗೆ ಬೆಳಕು ತಾಗದಂತೆ ಟೋಪಿ ಹಾಕಿದರೆ ಅದು ಬೆಳಕಿನ ಕಡೆ ಬಾಗುತ್ತಿರಲಿಲ್ಲ. ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದಕ್ಕಿಂತ ಕೆಳಗಿನ ಭಾಗ. ಹಾಗಿದ್ದರೆ ನಡುವೆ ಏನೋ ಒಂದು ಹರಿದು ಬರುತ್ತಿರಬೇಕು. 1920ರ ದಶಕದಲ್ಲಿ ಫ್ರಿಟ್ಸ್ ವೆಂಟ್ ಆ 'ಏನೋ ಒಂದನ್ನು' ಅಗರ್ ಎಂಬ ಜೆಲ್ಲಿಯ ತುಂಡಿನೊಳಗೆ ಇಳಿಸಿ ತೋರಿಸಿದರು. ಅದೇ ಆಕ್ಸಿನ್.

ನಮಗೆ ಮುಖ್ಯವಾಗುವ ವ್ಯತ್ಯಾಸ ಗಾತ್ರದಲ್ಲಿದೆ. ಇನ್ಸುಲಿನ್ನಿನ ಅಣುತೂಕ ಸುಮಾರು 5,800. ಗಿಡದ ಮುಖ್ಯ ಆಕ್ಸಿನ್ ಆದ ಇಂಡೋಲ್ ಅಸಿಟಿಕ್ ಆಮ್ಲ, ಅಂದರೆ ಐಎಎ, ಬರೀ 175. ಇಷ್ಟು ಪುಟ್ಟ ಅಣುವಾದ್ದರಿಂದಲೇ ಇದರ ಬಳಗದವನ್ನು ಬಿಎಸ್ಸಿ ಲ್ಯಾಬಿನಲ್ಲಿ ಕಟ್ಟಲು ಸಾಧ್ಯ.

ನಾವು ಕೆಮಿಸ್ಟ್ರಿಯವರು. ಬೀಜ ನೆನೆಸೋದು, ಬೇರು ಎಣಿಸೋದು ಬಾಟನಿಯವರ ಕೆಲಸ ಅಲ್ವಾ?

ಮಾಮೂಲಿ ಆರ್ಗ್ಯಾನಿಕ್ ಪ್ರಾಕ್ಟಿಕಲ್ ಹೇಗೆ ಮುಗಿಯುತ್ತದೆ ನೆನಪಿಸಿಕೊಳ್ಳಿ. ಬಿಳಿ ಪುಡಿ ಬಂತು, ದ್ರವನಬಿಂದು ನೋಡಿದಿರಿ, ಇಳುವರಿ ಬರೆದಿರಿ, ಪುಡಿ ಬೀರುವಿಗೆ ಹೋಯಿತು. ಆ ಪುಡಿಗೆ ಇನ್ನೇನೂ ಕೆಲಸವಿಲ್ಲ, ಹಾಗಾಗಿ ಅದು ಶೇಕಡಾ 95 ಶುದ್ಧವೋ 85 ಶುದ್ಧವೋ ಎಂಬ ಚಿಂತೆಯೂ ಇಲ್ಲ. ಅದೇ ಪುಡಿಯನ್ನು ಬೇರಿಗೆ ಕೊಡಬೇಕು ಅಂದಾಗ ಎಲ್ಲವೂ ಬದಲಾಗುತ್ತದೆ. ಉಳಿದುಹೋದ ಫೀನಾಲ್, ತೊಳೆಯದೆ ಬಿಟ್ಟ ಆಮ್ಲ, ಒಣಗದ ದ್ರಾವಕ ಎಲ್ಲವೂ ಬೇರಿಗೆ ಗೊತ್ತಾಗುತ್ತದೆ. ನೀವು ಮಾಡಿದ ಪುಡಿಗೆ ಬೇರಿಗಿಂತ ಕಟ್ಟುನಿಟ್ಟಾದ ಪರೀಕ್ಷಕರು ಸಿಗುವುದಿಲ್ಲ. ಬಾಟನಿ ಮಕ್ಕಳಿಗೂ ಇದೇ ಮಾತು ತಿರುವಿ ಹೇಳುತ್ತೇನೆ: ಬಾಟಲಿಯ ಮೇಲಿನ ಲೇಬಲ್ ನಂಬಿ ಹಾಕುವ ಹನಿಯಲ್ಲಿ ಏನಿದೆ ಅನ್ನುವುದು, ಅದನ್ನು ಕೈಯಾರೆ ತಯಾರಿಸಿದ ಮೇಲೆ ಮನಸ್ಸಿಗೆ ಇಳಿಯುತ್ತದೆ.

ಸಿದ್ದಾಪುರದ ನರ್ಸರಿಯಲ್ಲೇ ಬೇರು ಬರಿಸೋ ಪುಡಿ ಸಿಗುತ್ತಲ್ಲ, ನಾವ್ಯಾಕೆ ಮಾಡಬೇಕು?

ಲಾಲ್‌ಬಾಗಿನ ಮಗ್ಗುಲಿನ ಆ ನರ್ಸರಿಗಳಲ್ಲಿ ಸಿಗುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಡೋಲ್ ಬ್ಯುಟಿರಿಕ್ ಆಮ್ಲ, ಐಬಿಎ. ಗುಲಾಬಿ ಕಡ್ಡಿ ನೆಡಲು ಅದೇ ಸಾಕು, ನೀವು ತಯಾರಿಸಿದ್ದು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಒಂದು ಪರಮಾಣುವನ್ನು ಆಚೀಚೆ ಸರಿಸಿದರೆ ಗಿಡ ಏನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಅಂಗಡಿಯ ಡಬ್ಬಿಯಿಂದ ಕೇಳಲಾಗುವುದಿಲ್ಲ.

ನನ್ನ ಮಗ ಸೆಕೆಂಡ್ ಪಿಯುಸಿ. ಮನೆಯಲ್ಲೇ ಮಾಡಬಹುದಾ?

ಸಂಶ್ಲೇಷಣೆಯ ಭಾಗ ಮನೆಯಲ್ಲಿ ಬೇಡವೇ ಬೇಡ. ಇದರಲ್ಲಿ ರಾಜಿಯಿಲ್ಲ. ಗಿಡದ ಭಾಗವನ್ನು ಧಾರಾಳವಾಗಿ ಮಾಡಬಹುದು. ಕಾಯಾದ ಏಲಕ್ಕಿ ಬಾಳೆಯ ಒಂದು ಚಿಪ್ಪನ್ನು ಎರಡು ಪಾಲು ಮಾಡಿ. ಒಂದನ್ನು ಹಣ್ಣಾದ ಬಾಳೆಯ ಜೊತೆ ಮುಚ್ಚಿದ ಡಬ್ಬದಲ್ಲಿ, ಇನ್ನೊಂದನ್ನು ಒಂಟಿಯಾಗಿ ಅಂಥದ್ದೇ ಡಬ್ಬದಲ್ಲಿ ಇಟ್ಟು ದಿನಾ ಫೋಟೊ ತೆಗೆಯಲಿ. ಹಣ್ಣು ಬಿಡುವ ಎಥಿಲೀನ್ ಕೂಡ ಹಾರ್ಮೋನೇ, ಅದೂ ಅನಿಲ ರೂಪದ್ದು. ಅಜ್ಜಿಯರು ಅಕ್ಕಿ ಡಬ್ಬದಲ್ಲಿ ಹಣ್ಣು ಹೂತಿಡುತ್ತಿದ್ದದ್ದು ಈ ಅನಿಲ ಹೊರಗೆ ಹೋಗದಿರಲಿ ಎಂದೇ. ಕ್ಯಾಲ್ಸಿಯಂ ಕಾರ್ಬೈಡ್ ತರಿಸುವ ಯೋಚನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಅದು ಬಿಡುವುದು ಎಥಿಲೀನ್ ಅಲ್ಲ, ಅಸಿಟಿಲೀನ್. ಅದರಿಂದ ಹಣ್ಣು ಮಾಗಿಸುವುದು ನಮ್ಮ ದೇಶದಲ್ಲಿ ನಿಷಿದ್ಧ.

## ಯಾವುದನ್ನು ತಯಾರಿಸೋದು

ಮೊದಲ ಸಲ ಮಾಡ್ತಿದ್ದೀವಿ. ಸುಲಭದ್ದು ಯಾವುದು ಹೇಳಿ.

ಸ್ಯಾಲಿಸಿಲಿಕ್ ಆಮ್ಲ. ನೋವಿನ ಮುಲಾಮಿನ ವಾಸನೆಯ ವಿಂಟರ್‌ಗ್ರೀನ್ ಎಣ್ಣೆ ಇದೆಯಲ್ಲ, ಅದು ಹೆಚ್ಚುಕಡಿಮೆ ಪೂರ್ತಿ ಮಿಥೈಲ್ ಸ್ಯಾಲಿಸಿಲೇಟ್. ಅದನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಜೊತೆ ಅರ್ಧ ಗಂಟೆ ರಿಫ್ಲಕ್ಸ್ ಮಾಡಿದರೆ, ಅಂದರೆ ಆವಿಯನ್ನು ತಣಿಸಿ ಮರಳಿ ಇಳಿಸುತ್ತಾ ಕುದಿಸಿದರೆ, ಎಸ್ಟರ್ ಒಡೆಯುತ್ತದೆ. ಬೆರೆಸಿದ ಕೂಡಲೇ ಫ್ಲಾಸ್ಕಿನಲ್ಲಿ ಬಿಳಿ ಗಟ್ಟಿ ಕಟ್ಟಿಕೊಳ್ಳುತ್ತದೆ, ಮಕ್ಕಳು ಆಗಲೇ ಉತ್ಪನ್ನ ಬಂತೆಂದು ಸಂಭ್ರಮಿಸುತ್ತಾರೆ. ಅದು ಎಸ್ಟರಿನ ಸೋಡಿಯಂ ಲವಣ ಅಷ್ಟೇ, ಬಿಸಿಯಾಗುತ್ತಾ ಕರಗಿಹೋಗುತ್ತದೆ. ತಣ್ಣಗಾದ ಮೇಲೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ಬೀಳುವುದು ನಿಜವಾದ ಉತ್ಪನ್ನ. ಬಿಸಿನೀರಿನಲ್ಲಿ ಕರಗಿಸಿ ನಿಧಾನಕ್ಕೆ ಆರಲು ಬಿಟ್ಟರೆ ಸೂಜಿಯಂಥ ಹರಳು ಬರುತ್ತದೆ. ದ್ರವನಬಿಂದು 158ರಿಂದ 161 ಡಿಗ್ರಿ.

ಇಲ್ಲಿ ಒಂದು ಬಲೆಯಿದೆ. ಎಲ್ಲರೂ ಫೆರಿಕ್ ಕ್ಲೋರೈಡ್ ಹಾಕಿ, ನೇರಳೆ ಬಣ್ಣ ಬಂತು, ಸ್ಯಾಲಿಸಿಲಿಕ್ ಆಮ್ಲ ಖಚಿತ ಎಂದು ಬರೆಯುತ್ತಾರೆ. ಹೊರಟ ವಸ್ತುವಾದ ಎಸ್ಟರಿಗೂ ಅದೇ ನೇರಳೆ ಬರುತ್ತದೆ, ಎರಡರಲ್ಲೂ ಫೀನಾಲ್ ಗುಂಪು ಇದೆಯಲ್ಲ! ಬೇರೆ ಮಾಡಿ ತೋರಿಸುವುದು ಅಡುಗೆ ಸೋಡಾ ದ್ರಾವಣ. ಆಮ್ಲವಾದರೆ ನೊರೆ ಉಕ್ಕುತ್ತದೆ, ಎಸ್ಟರಾದರೆ ಸುಮ್ಮನಿರುತ್ತದೆ.

ಗಿಡದಲ್ಲಿ ಈ ಆಮ್ಲ ರೋಗ ನಿರೋಧದ ಸಂಕೇತ. ಆಸ್ಪಿರಿನ್ ಕೊಟ್ಟ ತಂಬಾಕು ಎಲೆಗಳು ಮೊಸಾಯಿಕ್ ವೈರಸ್ಸನ್ನು ಹೆಚ್ಚು ತಡೆದುಕೊಳ್ಳುತ್ತವೆ ಎಂದು 1979ರಲ್ಲೇ ಕಂಡುಬಂತು. ಸುವರ್ಣಗೆಡ್ಡೆಯ ಕುಟುಂಬದ ಒಂದು ಗಿಡದ ಹೂಗೊಂಚಲು ಅರಳುವಾಗ ಬಿಸಿಯೇರುವುದಕ್ಕೂ ಇದೇ ಕಾರಣ ಎಂದು 1987ರಲ್ಲಿ ತಿಳಿಯಿತು. ಕಾಲೇಜು ಮಟ್ಟದಲ್ಲಿ ರೋಗದ ಪರೀಕ್ಷೆ ಕಷ್ಟ. ಬೇರೆ ಬೇರೆ ಸಾರತೆಯಲ್ಲಿ ಮೊಳಕೆಯ ಬೇರಿನ ಉದ್ದ ಅಳೆಯುವುದಕ್ಕೆ ತೃಪ್ತಿಪಡಿ.

ಅಸಲಿ ಆಕ್ಸಿನ್ ಐಎಎಯನ್ನೇ ಮಾಡೋಣ ಮೇಡಂ, ಅದೇ ಚೆನ್ನಾಗಿರುತ್ತೆ.

ಆಸೆ ಅರ್ಥವಾಗುತ್ತದೆ. ಆದರೆ ಇಂಡೋಲ್ ಮತ್ತು ಗ್ಲೈಕಾಲಿಕ್ ಆಮ್ಲದಿಂದ ಹೊರಡುವ ಹೆಸರಾದ ವಿಧಾನಕ್ಕೆ ಒತ್ತಡದ ಪಾತ್ರೆಯೊಳಗೆ ಕಾಸ್ಟಿಕ್ ಪೊಟ್ಯಾಷ್ ಜೊತೆ 250 ಡಿಗ್ರಿ ಬಿಸಿ ಬೇಕು. ನಮ್ಮ ಲ್ಯಾಬುಗಳಿಗೆ ಅದು ಸಲ್ಲದು. ಕಷ್ಟಪಟ್ಟು ಮಾಡಿದರೂ ಐಎಎ ಬೆಳಕಿಗೆ ಕೆಡುತ್ತದೆ, ಇಟ್ಟಲ್ಲೇ ಗುಲಾಬಿ, ಕಂದು ಬಣ್ಣಕ್ಕೆ ತಿರುಗುತ್ತದೆ. ಹೋಲಿಕೆಗೆ ಅದನ್ನು ಕೊಂಡು ತನ್ನಿ, ಕಂದು ಬಣ್ಣದ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. 1930ರ ದಶಕದಲ್ಲಿ ಕೋಗ್ಲ್ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿ ತೆಗೆದದ್ದು ಮನುಷ್ಯರ ಮೂತ್ರದಿಂದ ಎಂದು ಹೇಳಿದಾಗ ತರಗತಿಯಲ್ಲಿ ನಿದ್ದೆ ಮಾಡುತ್ತಿರುವವರೂ ಏಳುತ್ತಾರೆ.

ಹಾಗಾದ್ರೆ ನೀವು ಮಾಡಿಸೋದು ಯಾವುದು? ಸ್ವಲ್ಪ ವಿವರವಾಗಿ ಹೇಳಿ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ನ್ಯಾಫ್ತಾಕ್ಸಿ ಅಸಿಟಿಕ್ ಆಮ್ಲಗಳ ಜೋಡಿ. 2-ನ್ಯಾಫ್ತಾಲಿನಿಂದ ಒಂದು, 1-ನ್ಯಾಫ್ತಾಲಿನಿಂದ ಇನ್ನೊಂದು. ವಿಧಾನ ಒಂದೇ, ಸೂತ್ರ ಒಂದೇ, ಅಣುತೂಕವೂ ಒಂದೇ, 202.2. ಸರಪಳಿ ಉಂಗುರಕ್ಕೆ ಅಂಟಿರುವ ಜಾಗ ಮಾತ್ರ ಬೇರೆ. ಗಿಡಕ್ಕೆ ಆ ಒಂದು ಜಾಗದ ವ್ಯತ್ಯಾಸವೇ ಬಹಳ. 2ನೆಯದು ಆಕ್ಸಿನ್‌ನಂತೆ ಕೆಲಸ ಮಾಡುತ್ತದೆ, ಟೊಮ್ಯಾಟೊ ಕಾಯಿ ಕಚ್ಚಲು ಸಿಂಪಡಿಸುತ್ತಿದ್ದ ವಸ್ತು ಅದು. 1ನೆಯದು ಆಕ್ಸಿನ್ ಆಗಿ ಬಹಳ ದುರ್ಬಲ. ಆಕ್ಸಿನ್ ಜೀವಕೋಶದೊಳಗೆ ಬರುವ ಬಾಗಿಲನ್ನು ತಡೆಯಲು ಸಂಶೋಧಕರು ಅದನ್ನು ಬಳಸುತ್ತಾರೆ.

ಕ್ರಿಯೆ ಪುಸ್ತಕದಲ್ಲಿ ಓದಿದ ವಿಲಿಯಂಸನ್ ಈಥರ್ ಸಂಶ್ಲೇಷಣೆಯೇ. 1.44 ಗ್ರಾಂ ನ್ಯಾಫ್ತಾಲ್, ಅಂದರೆ 10 ಮಿಲಿಮೋಲ್, ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿ ನ್ಯಾಫ್ತಾಕ್ಸೈಡ್ ಆಗುತ್ತದೆ. ಅದಕ್ಕೆ ತುಸು ಹೆಚ್ಚಿನ ಮೋಲ್ ಕ್ಲೋರೊಅಸಿಟಿಕ್ ಆಮ್ಲದ ಸೋಡಿಯಂ ಲವಣ ಸೇರಿಸಿ ನೀರಿನಲ್ಲಿ ಒಂದೆರಡು ಗಂಟೆ ರಿಫ್ಲಕ್ಸ್. ಪೂರ್ತಿ ಬಂದರೆ 2.02 ಗ್ರಾಂ, ಬರುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಯಾಕೆಂದರೆ ಬಿಸಿ ಕ್ಷಾರದಲ್ಲಿ ಕ್ಲೋರೊಅಸಿಟೇಟಿನ ಒಂದು ಪಾಲು ನೀರಿನೊಡನೆಯೇ ಕೂಡಿ ಗ್ಲೈಕೊಲೇಟ್ ಆಗಿ ಕೈತಪ್ಪುತ್ತದೆ.

ಪ್ರಾಜೆಕ್ಟಿನ ಜೀವಾಳ ಮುಂದಿನ ಹೆಜ್ಜೆಯಲ್ಲಿದೆ. ಆಮ್ಲ ಹಾಕಿ ಬೀಳಿಸಿದ ಪುಡಿಯಲ್ಲಿ ಉಳಿದ ನ್ಯಾಫ್ತಾಲ್ ಕೂಡ ಇರುತ್ತದೆ. ಪುಡಿಯನ್ನು ಈಥೈಲ್ ಅಸಿಟೇಟಿನಲ್ಲಿ ಕರಗಿಸಿ, ಬೇರ್ಪಡಿಸುವ ಆಲಿಕೆಯಲ್ಲಿ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದ ಜೊತೆ ಕುಲುಕಿ. ನಮ್ಮ ಉತ್ಪನ್ನವಾದ ಕಾರ್ಬಾಕ್ಸಿಲಿಕ್ ಆಮ್ಲ ನೀರಿನ ಪದರಕ್ಕೆ ಇಳಿಯುತ್ತದೆ. ನ್ಯಾಫ್ತಾಲ್ ತೀರಾ ದುರ್ಬಲ ಆಮ್ಲವಾದ್ದರಿಂದ ಮೇಲಿನ ಪದರದಲ್ಲೇ ಉಳಿಯುತ್ತದೆ. ಅನಿಲ ಹುಟ್ಟುತ್ತದೆ, ಆಗಾಗ ಕೀಲಿ ತಿರುಗಿಸಿ ಒತ್ತಡ ಬಿಡಿ. ಕೆಳಗಿನ ಪದರವನ್ನು ತೆಗೆದು ಮತ್ತೆ ಆಮ್ಲ ಹಾಕಿದರೆ ಬೀಳುವ ಬಿಳಿ ಪುಡಿಯನ್ನು ಬೇರಿಗೆ ಕೊಡಲು ನನಗೆ ಧೈರ್ಯವಿದೆ.

ಎಚ್ಚರಿಕೆ ಒಂದು, ಅದು ದೊಡ್ಡದು. ಕ್ಲೋರೊಅಸಿಟಿಕ್ ಆಮ್ಲ ಬರೀ ಸುಡುವ ಆಮ್ಲವಲ್ಲ. ಚರ್ಮದ ಮೂಲಕ ಒಳಸೇರಿ ಪ್ರಾಣಕ್ಕೆ ಕುತ್ತು ತರಬಲ್ಲದು. ನಮ್ಮಲ್ಲಿ ಅದನ್ನು ತೂಗುವುದು, ತಟಸ್ಥಗೊಳಿಸುವುದು ಎಲ್ಲ ಮೇಷ್ಟ್ರ ಕೈಯಲ್ಲೇ, ಫ್ಯೂಮ್ ಹುಡ್ಡಿನೊಳಗೆ, ಕೈಗವಸು ಕನ್ನಡಕ ಹಾಕಿಕೊಂಡು. ಮಕ್ಕಳಿಗೆ ಸಿಗುವುದು ಅಳೆದಿಟ್ಟ ಲವಣದ ದ್ರಾವಣ. ಅದೂ ವಿಷವೇ, ಕೈಗವಸು ತೆಗೆಯುವಂತಿಲ್ಲ. ಹುಡ್ ಇಲ್ಲದ ಲ್ಯಾಬಿನವರು ಸ್ಯಾಲಿಸಿಲಿಕ್ ಆಮ್ಲಕ್ಕೇ ನಿಲ್ಲಿಸಿ.

2,4-ಡಿ ಕೂಡ ಇದೇ ರಿಯಾಕ್ಷನ್ ಅಲ್ವಾ ಮೇಡಂ? ಅದು ಸ್ಟ್ರಾಂಗ್ ಆಕ್ಸಿನ್, ಅದನ್ನೇ ಮಾಡಿದ್ರೆ?

2,4-ಡಿ ಎಂಬ ಈ ಕಳೆನಾಶಕಕ್ಕೂ ಕಾಗದದ ಮೇಲೆ ಅದೇ ಕ್ರಿಯೆ. ಆದರೆ ಹೊರಡಬೇಕಾದ ವಸ್ತು 2,4-ಡೈಕ್ಲೋರೊಫೀನಾಲ್. ಅದು ಕರಗಿದ ಸ್ಥಿತಿಯಲ್ಲಿ ಮೈಮೇಲೆ ಬಿದ್ದು ಕೆಲಸಗಾರರು ಸತ್ತಿದ್ದಾರೆ. ಅದು ಕರಗುವುದು 45 ಡಿಗ್ರಿಯ ಆಸುಪಾಸಿನಲ್ಲೇ. ವಿದ್ಯಾರ್ಥಿ ಲ್ಯಾಬಿಗೆ ಅದು ಬರಕೂಡದು. ಹೋಲಿಕೆಗೆ ಕೆಲವು ಮಿಲಿಗ್ರಾಂ ಶುದ್ಧ 2,4-ಡಿ ಕೊಂಡು ಬಳಸಿ. ಉಳಿದ ದ್ರಾವಣವನ್ನು ತೋಟದ ಕಡೆ ಒಯ್ಯಬೇಡಿ, ಕಳೆನಾಶಕಕ್ಕೆ ನಿಮ್ಮ ದಾಸವಾಳ ಯಾವುದು, ಪಾರ್ಥೇನಿಯಂ ಯಾವುದು ಗೊತ್ತಾಗುವುದಿಲ್ಲ.

ಸೈಟೊಕೈನಿನ್, ಜಿಬ್ಬರೆಲಿನ್ ಇವುಗಳ ಕಡೆ ಹೋಗಬಹುದಾ?

ಜೀವಕೋಶ ವಿಭಜನೆಯನ್ನು ಪ್ರಚೋದಿಸುವ ಹಾರ್ಮೋನಾದ ಸೈಟೊಕೈನಿನ್ ಎಂಎಸ್ಸಿಯವರಿಗೆ ಚೆನ್ನ. 6-ಕ್ಲೋರೊಪ್ಯೂರಿನ್ ಮತ್ತು ಬೆಂಜೈಲಮೀನನ್ನು ಆಲ್ಕೊಹಾಲಿನಲ್ಲಿ, ಟ್ರೈಈಥೈಲಮೀನ್ ಸೇರಿಸಿ ರಿಫ್ಲಕ್ಸ್ ಮಾಡಿದರೆ ಬೆಂಜೈಲ್ ಅಡೆನಿನ್ ಸಿಗುತ್ತದೆ, ದ್ರವನಬಿಂದು 230 ದಾಟುತ್ತದೆ. ಬೆಂಜೈಲಮೀನ್ ಬದಲು ಫರ್‌ಫ್ಯೂರೈಲಮೀನ್ ಹಾಕಿದರೆ ಕೈನೆಟಿನ್. 1955ರಲ್ಲಿ ಮಿಲ್ಲರ್, ಸ್ಕೂಗ್ ಮತ್ತು ಜೊತೆಗಾರರು ಮೀನಿನ ವೀರ್ಯದ ಡಿಎನ್‌ಎಯಿಂದ ಪಡೆದದ್ದು ಇದನ್ನೇ. ಕ್ಲೋರೊಪ್ಯೂರಿನ್ ದುಬಾರಿ, ಹಾಗಾಗಿ ಕಾಲು ಗ್ರಾಂ ಅಳತೆಯಲ್ಲಿ ಮಾಡಿ. ಪರೀಕ್ಷೆಗೆ ಮೂಲಂಗಿ ಬೀಜದಳ ಸಾಕು. ಬೆಳಕಿನಲ್ಲಿ ಮೂರು ದಿನ ಇಟ್ಟು ಅವು ಎಷ್ಟು ದಪ್ಪವಾದವು ಎಂದು ತೂಗಿದರಾಯಿತು.

ಕಾಂಡವನ್ನು ಉದ್ದ ಮಾಡುವ ಹಾರ್ಮೋನಾದ ಜಿಬ್ಬರೆಲಿನ್ ಬೇಡ. ಜಿಬ್ಬರೆಲಿಕ್ ಆಮ್ಲದ ಪೂರ್ಣ ಸಂಶ್ಲೇಷಣೆಯನ್ನು ಕೋರಿಯವರ ತಂಡ ಮುಗಿಸಿದ್ದೇ 1978ರಲ್ಲಿ. ಇಂದಿಗೂ ದ್ರಾಕ್ಷಿ ತೋಟಕ್ಕೆ ಬರುವುದನ್ನು ಶಿಲೀಂಧ್ರವೇ ತಯಾರಿಸುತ್ತದೆ.

## ಬೀಜದ ಕಡೆ

ಅರಬಿಡಾಪ್ಸಿಸ್ ಬೀಜ ಎಲ್ಲಿ ಸಿಗುತ್ತೆ? ಅದಿಲ್ಲದೆ ಆಗಲ್ವಾ?

ಆಗುತ್ತದೆ. ಅರಬಿಡಾಪ್ಸಿಸ್ ಸಂಶೋಧನಾ ಲ್ಯಾಬುಗಳಲ್ಲಿ ಬಳಸುವ ಪುಟ್ಟ ಗಿಡ, ನಮಗೆ ಬೀದಿ ಕೊನೆಯ ದಿನಸಿ ಅಂಗಡಿಯ ಹೆಸರುಕಾಳು, ರಾಗಿ, ಸಾಸಿವೆ ಸಾಕು. ಹೆಸರು, ಸಾಸಿವೆ ದ್ವಿದಳ, ರಾಗಿ ಏಕದಳ. ಎರಡನ್ನೂ ಇಟ್ಟುಕೊಂಡರೆ ಆಕ್ಸಿನ್ ಮಾದರಿಯ ವಸ್ತುಗಳಿಗೆ ಅವು ಬೇರೆ ಬೇರೆಯಾಗಿ ಸ್ಪಂದಿಸುವುದು ಕಾಣಸಿಗುತ್ತದೆ. ಬಿತ್ತನೆಗೆಂದು ಪೊಟ್ಟಣದಲ್ಲಿ ಮಾರುವ ಬೀಜ ಮಾತ್ರ ತರಬೇಡಿ. ಅವಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ, ಗುಲಾಬಿಯೋ ಹಸಿರೋ ಬಣ್ಣ ನೋಡಿದರೆ ತಿಳಿಯುತ್ತದೆ. ಇಡೀ ಸೆಮಿಸ್ಟರಿಗೆ ಆಗುವಷ್ಟನ್ನು ಒಂದೇ ಸಲ, ಒಂದೇ ಚೀಲದಿಂದ ತನ್ನಿ.

ಹೆಸರುಕಾಳಿನ ಬೇರು ಪರೀಕ್ಷೆ ಹೇಗೆ ಮಾಡೋದು, ಹಂತಹಂತವಾಗಿ ಬೇಕು.

ಕಾಳನ್ನು ಆರು ಗಂಟೆ ನೆನೆಸಿ ತೊಳೆದ ಮರಳಿನಲ್ಲಿ ಬಿತ್ತಿ. ಎಂಟು ದಿನದ ಹೊತ್ತಿಗೆ ಮೊದಲ ಜೋಡಿ ಎಲೆ ಅಗಲವಾಗಿ ಬಿಚ್ಚಿರುತ್ತದೆ. ಒಂದೇ ಎತ್ತರದ ಸಸಿಗಳನ್ನು ಆರಿಸಿ, ಬೀಜದಳ ಅಂಟಿದ್ದ ಗಂಟಿನಿಂದ ಮೂರು ಸೆಂಟಿಮೀಟರ್ ಕೆಳಗೆ ಹೊಸ ಬ್ಲೇಡಿನಿಂದ ಕತ್ತರಿಸಿ. ಹಳೆ ಬೇರು ಪೂರ್ತಿ ಹೋಯಿತು. ಬೀಜದಳಗಳನ್ನೂ ಚಿವುಟಿ ತೆಗೆಯಿರಿ, ಎಲೆ ಇರಲಿ. ಈ ಕಡ್ಡಿಗಳನ್ನು ಚಿಕ್ಕ ಗಾಜಿನ ಸೀಸೆಗಳಲ್ಲಿ, ಪರೀಕ್ಷಿಸಬೇಕಾದ ದ್ರಾವಣದಲ್ಲಿ 24 ಗಂಟೆ ನಿಲ್ಲಿಸಿ. ಆಮೇಲೆ ಡಿಸ್ಟಿಲ್ಡ್ ನೀರಿಗೆ ಬದಲಿಸಿ, ನೀರು ಕಡಿಮೆಯಾದಂತೆಲ್ಲ ತುಂಬಿಸುತ್ತಿರಿ.

ಮೂರನೆಯ ದಿನ ಭೂತಗನ್ನಡಿ ಹಿಡಿದು ನೋಡಿ. ಕಾಂಡದ ತಿಳಿನೇರಳೆ ಸಿಪ್ಪೆ ಅಲ್ಲಲ್ಲಿ ಉಬ್ಬಿ, ಒಳಗಿನಿಂದ ಯಾರೋ ಸೂಜಿಮೊನೆ ಒತ್ತಿದ ಹಾಗೆ ಕಾಣುತ್ತದೆ. ಮಾರನೆಯ ದಿನ ಸಿಪ್ಪೆ ಉದ್ದಕ್ಕೆ ಸೀಳಿ ಬಿಳಿ ಚುಕ್ಕೆ ಹೊರಬರುತ್ತದೆ. ಚುಕ್ಕೆಗಳು ಹೇಗೆಂದರೆ ಹಾಗೆ ಹರಡಿರುವುದಿಲ್ಲ, ಒಳಗಿನ ನಾಳಗಳ ಪಕ್ಕದಲ್ಲಿ ಸಾಲು ಹಿಡಿದು ಏಳುತ್ತವೆ. ನೀರಿನ ಕಡ್ಡಿಯಲ್ಲಿ ಇವು ತಳದಲ್ಲಷ್ಟೇ ಗುಂಪಾಗಿದ್ದರೆ, ಒಳ್ಳೆಯ ಆಕ್ಸಿನ್ ಕುಡಿದ ಕಡ್ಡಿಯಲ್ಲಿ ಮೇಲಿನವರೆಗೂ ಹತ್ತಿರುತ್ತವೆ. ಏಳನೆಯ ದಿನ ಎಣಿಸಿ. ಕಡ್ಡಿಗೊಂದು ಸಂಖ್ಯೆ, ಅಷ್ಟೇ ದತ್ತಾಂಶ.

ಡಿಸೆಂಬರಿನ ಬೆಂಗಳೂರಿನ ರಾತ್ರಿಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಬಹಳ ಅಂತರ. ಎರಡು ಸಲ ಮಾಡಿದ ಪರೀಕ್ಷೆಗಳನ್ನು ಹೋಲಿಸಬೇಕಾದರೆ ಕೋಣೆಯ ಉಷ್ಣತೆಯನ್ನು ದಿನಾ ಬರೆದಿಟ್ಟಿರಲೇಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು ಬಳಸಬೇಡಿ. ಒಂದರಲ್ಲಿ ಕ್ಲೋರಿನ್, ಇನ್ನೊಂದರಲ್ಲಿ ಗಡಸುತನ.

ನಮ್ಮ ಕಾಂಪೌಂಡ್ ನೀರಲ್ಲಿ ಕರಗ್ತಾನೇ ಇಲ್ಲ!

ಕರಗುವುದಿಲ್ಲ, ಅದು ಆಮ್ಲ ರೂಪದಲ್ಲಿದೆ. ತೂಗಿದ ಪುಡಿಗೆ ಸಾರರಿಕ್ತ ಸೋಡಿಯಂ ಹೈಡ್ರಾಕ್ಸೈಡನ್ನು ಹನಿ ಹನಿಯಾಗಿ ಹಾಕಿ ಲವಣ ಮಾಡಿ, ಆಮೇಲೆ ನೀರು ಸೇರಿಸಿ. ಆಲ್ಕೊಹಾಲಿನಲ್ಲಿ ಕರಗಿಸುವುದಾದರೆ ಕೊನೆಯ ದ್ರಾವಣದಲ್ಲಿ ಅದು ಶೇಕಡಾ 0.1 ಮೀರದಿರಲಿ, ಅಷ್ಟೇ ಆಲ್ಕೊಹಾಲ್ ಇರುವ ಬರೀ ನೀರಿನ ಸೀಸೆಯನ್ನೂ ಜೊತೆಗಿಡಿ.

ನ್ಯಾಫ್ತಾಕ್ಸಿ ಆಮ್ಲದ 10⁻³ ಮೋಲಾರ್ ದ್ರಾವಣಕ್ಕೆ 100 ಮಿಲಿಗೆ 20.2 ಮಿಲಿಗ್ರಾಂ ಬೇಕು. ನಿಮ್ಮ ತಕ್ಕಡಿ ಒಂದು ಮಿಲಿಗ್ರಾಂವರೆಗೆ ಮಾತ್ರ ತೋರಿಸುವುದಾದರೆ ಅಲ್ಲೇ ಶೇಕಡಾ ಐದರ ತಪ್ಪು. 202 ಮಿಲಿಗ್ರಾಂ ತೂಗಿ ಒಂದು ಲೀಟರ್ ಮಾಡುವುದು ಜಾಣತನ. ಅಲ್ಲಿಂದ ಹತ್ತು ಪಟ್ಟು, ಹತ್ತು ಪಟ್ಟು ತೆಳು ಮಾಡುತ್ತಾ 10⁻⁷ರವರೆಗೆ ಇಳಿಯಿರಿ. ಪ್ರತಿ ಸಲವೂ ಪಿಪೆಟ್ ಬದಲಿಸಿ.

ಜಾಸ್ತಿ ಹಾಕಿದ್ರೆ ಜಾಸ್ತಿ ಬೇರು ಬರಬೇಕಲ್ಲ? ನಮ್ದು ಉಲ್ಟಾ ಆಗಿದೆ.

ಉಲ್ಟಾ ಅಲ್ಲ, ಅದೇ ಸರಿ. ಆಕ್ಸಿನ್ ಒಂದು ಮಟ್ಟದವರೆಗೆ ಪ್ರಚೋದಿಸುತ್ತದೆ, ಅದನ್ನು ದಾಟಿದರೆ ತಡೆಯುತ್ತದೆ. ಹೆಚ್ಚಾದ ಆಕ್ಸಿನ್ ಗಿಡದಿಂದಲೇ ಎಥಿಲೀನ್ ಹೊರಡಿಸುತ್ತದೆ, ಅದು ಬೆಳವಣಿಗೆಯನ್ನು ಕುಂಠಿಸುತ್ತದೆ. ಅಂಗದಿಂದ ಅಂಗಕ್ಕೂ ಈ ಮಟ್ಟ ಬೇರೆ. ಕಾಂಡ ಉದ್ದವಾಗಲು ಒಪ್ಪುವ ಸಾರತೆ ಬೇರಿನ ಉದ್ದಕ್ಕೆ ಮಾರಕ. ಹಾಗೆಯೇ ಹೊಸ ಬೇರು ಹುಟ್ಟುವುದು ಬೇರೆ, ಇರುವ ಬೇರು ಉದ್ದವಾಗುವುದು ಬೇರೆ. ವರದಿಯಲ್ಲಿ ಬರೀ 'ಬೇರಿನ ಬೆಳವಣಿಗೆ' ಎಂದು ಬರೆದರೆ ಎರಡೂ ಕಲಸಿಹೋಗುತ್ತವೆ.

ಬರೀ ನೀರಲ್ಲಿಟ್ಟ ಕಡ್ಡಿಗೂ ಬೇರು ಬಂದುಬಿಟ್ಟಿದೆ. ಎಲ್ಲಾ ಹಾಳಾಯ್ತಾ?

ಇಲ್ಲ. ಎಲೆ, ಚಿಗುರು ತಾವೇ ಆಕ್ಸಿನ್ ತಯಾರಿಸಿ ಕೆಳಗೆ ಕಳಿಸುತ್ತವೆ. ನೀವು ನೋಡಬೇಕಾದದ್ದು ಅದಕ್ಕಿಂತ ಎಷ್ಟು ಹೆಚ್ಚು ಬಂತು ಎಂಬುದನ್ನು.

## ಫಲಿತಾಂಶ ಬಂದ ಮೇಲೆ

ನಾವು ಮಾಡಿದ ಪುಡಿ ಹಾಕಿದ್ದಕ್ಕೆ ಬೇರೆಲ್ಲಾ ಸತ್ತೇ ಹೋಯ್ತು. ಸ್ಟ್ರಾಂಗ್ ಹಾರ್ಮೋನ್ ಅಂತ ಬರೀಬಹುದಾ?

ಬರೆಯುವ ಮುಂಚೆ ನಮ್ಮ ಲ್ಯಾಬಿನಲ್ಲಿ ಆದದ್ದನ್ನು ಕೇಳಿ. ಶುರುವಿನ ವರ್ಷಗಳಲ್ಲಿ ಒಂದು ತಂಡ ಫೀನಾಕ್ಸಿ ಅಸಿಟಿಕ್ ಆಮ್ಲ ಮಾಡಿತ್ತು. ಚೆಂದದ ಹರಳು, ದ್ರವನಬಿಂದು 98ರಿಂದ 100, ಮಿಶ್ರಣವನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ. 10⁻³ ಮೋಲಾರ್ ತಟ್ಟೆಯಲ್ಲಿ ಸಾಸಿವೆ ಬೇರು ಎರಡು ಮಿಲಿಮೀಟರಿಗೆ ನಿಂತು ಕಂದಾಗಿತ್ತು. ಅಷ್ಟು ದುರ್ಬಲ ಆಕ್ಸಿನ್ ಹೀಗೆ ಮಾಡುತ್ತದೆಯೇ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಎರಡು ವಾರ ನಾವೆಲ್ಲ ಅದನ್ನು ಹಾರ್ಮೋನಿನ ಪರಿಣಾಮವೆಂದೇ ನಂಬಿದ್ದೆವು. ಕೊನೆಗೆ ಬಾಟನಿಯ ಸಹೋದ್ಯೋಗಿ ಬಂದು ತಟ್ಟೆಯ ದ್ರಾವಣಕ್ಕೆ ಒಂದು ತುಂಡು ಪಿಎಚ್ ಕಾಗದ ಅದ್ದಿದರು. ಕಾಗದ ಕೆಂಪಾಯಿತು. ಮಕ್ಕಳು ಆಮ್ಲವನ್ನು ಆಲ್ಕೊಹಾಲಿನಲ್ಲಿ ಕರಗಿಸಿ ಹಾಗೆಯೇ ನೀರಿಗೆ ಹಾಕಿದ್ದರು. ಈ ಆಮ್ಲದ ಪಿಕೆಎ, ಅಂದರೆ ಆಮ್ಲದ ಬಲದ ಅಳತೆ, 3.2ರ ಹತ್ತಿರ. ಲೆಕ್ಕ ಹಾಕಿದರೆ 10⁻³ ಮೋಲಾರ್ ದ್ರಾವಣದ ಪಿಎಚ್ ಸುಮಾರು 3.3. ಆ ಹುಳಿಯಲ್ಲಿ ಸಾಸಿವೆಯ ಎಳೆ ಬೇರು ಬದುಕುವುದಿಲ್ಲ, ಹಾರ್ಮೋನ್ ಇರಲಿ ಬಿಡಲಿ. ಎಲ್ಲ ದ್ರಾವಣಗಳನ್ನೂ ಪಿಎಚ್ 6ಕ್ಕೆ ತಂದು ಮತ್ತೆ ಮಾಡಿದಾಗ ಬೇರು ಕುಳ್ಳಾಗಿದ್ದವು, ಆದರೆ ಬಿಳಿಯಾಗಿ, ಜೀವಂತವಾಗಿದ್ದವು.

ಅಂದಿನಿಂದ ನಮ್ಮಲ್ಲಿ ಐದು ತಟ್ಟೆ ಕಡ್ಡಾಯ: ಬರೀ ನೀರು, ದ್ರಾವಕವಿರುವ ನೀರು, ಹೊರಟ ವಸ್ತುವಾದ ಫೀನಾಲ್ ಅಥವಾ ನ್ಯಾಫ್ತಾಲ್ ಬಹಳ ತೆಳುವಾಗಿ, ಕೊಂಡು ತಂದ ಐಎಎ, ನಮ್ಮ ಉತ್ಪನ್ನ. ಎಲ್ಲದರ ಪಿಎಚ್ ಒಂದೇ. ಮೂರನೆಯ ತಟ್ಟೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಶುದ್ಧೀಕರಣದಲ್ಲಿ ತಪ್ಪಿಸಿಕೊಂಡ ಕಲ್ಮಶವೇ ಬೇರನ್ನು ಕುಗ್ಗಿಸಿತೋ ಎಂಬ ಅನುಮಾನಕ್ಕೆ ಉತ್ತರ ಅಲ್ಲಿ ಮಾತ್ರ ಸಿಗುತ್ತದೆ.

ಎನ್‌ಎಂಆರ್ ಇಲ್ಲ ನಮ್ಮ ಕಾಲೇಜಲ್ಲಿ. ಶುದ್ಧ ಅಂತ ಹೇಗೆ ತೋರಿಸೋದು?

ಬ್ಯುರೆಟ್ ಇದೆಯಲ್ಲ! ಒಣಗಿಸಿದ ಪುಡಿಯನ್ನು 100 ಮಿಲಿಗ್ರಾಂ ತೂಗಿ, ತುಸು ಆಲ್ಕೊಹಾಲಿನಲ್ಲಿ ಕರಗಿಸಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಿ. ನ್ಯಾಫ್ತಾಕ್ಸಿ ಅಸಿಟಿಕ್ ಆಮ್ಲವಾದರೆ 4.95 ಮಿಲಿ, ಫೀನಾಕ್ಸಿ ಅಸಿಟಿಕ್ ಆಮ್ಲವಾದರೆ 6.57 ಮಿಲಿ ಹಿಡಿಯಬೇಕು. ಕಡಿಮೆ ಹಿಡಿದರೆ ಆಮ್ಲವಲ್ಲದ್ದೇನೋ ಜೊತೆಗಿದೆ, ನೀರೋ ನ್ಯಾಫ್ತಾಲೋ. ಇದರ ಜೊತೆ ದ್ರವನಬಿಂದು, ಟಿಎಲ್‌ಸಿ, ಸಾಧ್ಯವಾದರೆ ಶುದ್ಧ ಮಾದರಿಯ ಜೊತೆ ಬೆರೆಸಿ ನೋಡಿದ ದ್ರವನಬಿಂದು ಇದ್ದರೆ ಬಿಎಸ್ಸಿ ಮಟ್ಟಕ್ಕೆ ನನಗೆ ಸಾಕು. ಅಣುವಿನ ರಚನೆ ತಿಳಿಸುವ ಎನ್‌ಎಂಆರ್ ಎಲ್ಲಾದರೂ ಮಾಡಿಸಲು ಸಿಕ್ಕರೆ 4.7 ಪಿಪಿಎಂ ಹತ್ತಿರ ಎರಡು ಹೈಡ್ರೊಜನ್‌ನ ಒಂಟಿ ಶಿಖರ ಹುಡುಕಿ. ಆಮ್ಲಜನಕಕ್ಕೂ ಕಾರ್ಬಾಕ್ಸಿಲ್‌ಗೂ ನಡುವೆ ಕೂತ ಆ ಸಿಎಚ್2ವೇ ನಿಮ್ಮ ಕ್ರಿಯೆ ನಡೆದ ಗುರುತು.

ಸಾಲ್ಕೋವ್ಸ್ಕಿ ಟೆಸ್ಟ್‌ನಲ್ಲಿ ಪಿಂಕ್ ಬರಲೇ ಇಲ್ಲ, ಅಂದ್ರೆ ಫೇಲಾ?

ಆ ಪರೀಕ್ಷೆ ಕಾಣುವುದು ಇಂಡೋಲ್ ಉಂಗುರವನ್ನು. ನಿಮ್ಮ ನ್ಯಾಫ್ತಾಕ್ಸಿ ಆಮ್ಲದಲ್ಲಿ ಅದಿಲ್ಲ, ಪಿಂಕ್ ಬರಬಾರದು.

ಒಂದು ತಟ್ಟೆಗೆ 50 ಬೀಜ ಹಾಕಿದ್ದೀವಿ, ಎನ್ ಅಂದ್ರೆ 50 ಅಲ್ವಾ?

ಅಲ್ಲ, ಎನ್ ಅಂದರೆ ಸ್ವತಂತ್ರ ಮಾದರಿಗಳ ಸಂಖ್ಯೆ, ಅದು ಇಲ್ಲಿ 1. ಒಂದೇ ತಟ್ಟೆಯ ಬೀಜಗಳು ಒಂದೇ ದ್ರಾವಣ, ಒಂದೇ ತೇವ, ಒಂದೇ ಮೂಲೆಯ ಬೆಳಕು ಹಂಚಿಕೊಂಡಿವೆ. ಅದೇ 50ನ್ನು ಹತ್ತರಂತೆ ಐದು ತಟ್ಟೆಗೆ ಹಾಕಿದರೆ ಎನ್ 5 ಆಗುತ್ತದೆ. ಪ್ರತಿ ತಟ್ಟೆಯ ಸರಾಸರಿ ತೆಗೆದು, ಆ ಐದು ಸಂಖ್ಯೆಗಳ ಮೇಲೆ ಲೆಕ್ಕ ಮಾಡಿ. ಎಣಿಸುವವರಿಗೆ ಯಾವ ತಟ್ಟೆಯಲ್ಲಿ ಏನಿದೆ ಗೊತ್ತಿರಬಾರದು, ಗೆಳತಿಯ ಕೈಯಲ್ಲಿ ಗುಟ್ಟಿನ ನಂಬರ್ ಹಾಕಿಸಿ.

ಉಳಿದದ್ದನ್ನೆಲ್ಲ ಸಿಂಕಿಗೆ ಸುರಿದ್ರೆ ಸಾಕಲ್ವಾ?

ಬೇಡ. ನಮ್ಮ ಊರಿನ ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದು ಬೆಳ್ಳಂದೂರು ಕೆರೆಯ ನೊರೆ ನೋಡಿದವರಿಗೆ ಹೇಳಬೇಕಿಲ್ಲ. ಕ್ಲೋರಿನ್ ಇರುವ ತ್ಯಾಜ್ಯ ಒಂದು ಕ್ಯಾನಿಗೆ, ಇಲ್ಲದ್ದು ಇನ್ನೊಂದಕ್ಕೆ, ಲೇಬಲ್ ಹಚ್ಚಿ ಕಾಲೇಜಿನ ಅಪಾಯಕಾರಿ ತ್ಯಾಜ್ಯದ ಜೊತೆ ಕಳಿಸಿ. ಪರೀಕ್ಷೆಗೆ ಬಳಸಿದ ಮೊಳಕೆ ಕೋಸಂಬರಿಗೂ ಅಲ್ಲ, ಗೊಬ್ಬರದ ಗುಂಡಿಗೂ ಅಲ್ಲ.

## ಇನ್ನೂ ಮುಂದೆ ಹೋಗುವವರಿಗೆ

ಒಂದು ಜಾಗ ಬದಲಾದ್ರೆ ಗಿಡಕ್ಕೆ ಹೇಗೆ ಗೊತ್ತಾಗುತ್ತೆ?

ಟಿಐಆರ್1 ಎಂಬ ಪ್ರೋಟೀನ್ ಆಕ್ಸಿನ್ನಿನ ಗ್ರಾಹಕ ಎಂದು 2005ರಲ್ಲಿ ಎರಡು ತಂಡಗಳು ತೋರಿಸಿದವು. 2007ರಲ್ಲಿ ಅದರ ಸ್ಫಟಿಕ ರಚನೆ ಬಂತು. ಪ್ರೋಟೀನಿನ ಮೇಲೆ ಒಂದು ಗುಳಿ, ಗುಳಿಯ ತಳದಲ್ಲಿ ಆಕ್ಸಿನ್, ಅದರ ಮೇಲೆ ಇನ್ನೊಂದು ಪ್ರೋಟೀನ್ ಕೂರುತ್ತದೆ. ಎರಡನ್ನೂ ಹಿಡಿದಿಡುವ ಅಂಟು ಈ ಪುಟ್ಟ ಅಣು. ಹೀಗೆ ಅಂಟಿಕೊಂಡ ಎರಡನೆಯ ಪ್ರೋಟೀನ್ ನಾಶವಾಗುತ್ತದೆ, ಅದು ಅದುಮಿಟ್ಟಿದ್ದ ಜೀನುಗಳು ಎಚ್ಚರಗೊಳ್ಳುತ್ತವೆ. ಕಾರ್ಬಾಕ್ಸಿಲ್ ಗುಂಪು ಗುಳಿಯ ತಳವನ್ನು ಹಿಡಿಯಬೇಕು, ಚಪ್ಪಟೆ ಉಂಗುರ ಉಳಿದ ಜಾಗ ತುಂಬಬೇಕು. ಉಂಗುರ ವಾಲಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆದರೂ ನಿಮ್ಮ ಎರಡು ನ್ಯಾಫ್ತಾಕ್ಸಿ ಆಮ್ಲಗಳ ವ್ಯತ್ಯಾಸಕ್ಕೆ ಗುಳಿಯೊಂದೇ ಕಾರಣ ಎಂದು ಬರೆಯಬೇಡಿ. ಒಳಗೆ ಹೋಗುವ ವೇಗ, ಒಳಗೆ ಕರಗಿಹೋಗುವ ವೇಗ ಇವೂ ಸೇರಿಕೊಂಡಿರುತ್ತವೆ.

ಬೇಸಿಗೆ ರಜೆಯಲ್ಲಿ ದೊಡ್ಡ ಲ್ಯಾಬಲ್ಲಿ ಕೆಲಸ ಮಾಡೋಕೆ ದಾರಿ ಇದೆಯಾ?

ಇದೆ. 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ, ಸದಾಶಿವನಗರದಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಅರ್ಜಿಯ ಸಮಯ ಬೇಸಿಗೆಗಿಂತ ಎಷ್ಟೋ ತಿಂಗಳು ಮೊದಲೇ ಮುಗಿದುಹೋಗುತ್ತದೆ, ದಸರಾ ರಜೆಯಿಂದಲೇ ಕಣ್ಣಿಡಿ. ಗಿಡದ ಕಡೆ ಒಲವಿದ್ದವರು ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳಿಗೆ ಪತ್ರ ಬರೆಯಿರಿ. ಪತ್ರದಲ್ಲಿ 'ನನಗೆ ಆಸಕ್ತಿ ಇದೆ' ಎನ್ನುವ ಬದಲು ನಿಮ್ಮ ಐದು ತಟ್ಟೆಗಳ ಒಂದು ಗ್ರಾಫ್ ಇರಲಿ.

ಸರಪಳಿ ಉದ್ದ ಮಾಡಿದ್ರೆ ಏನಾಗುತ್ತೆ? ಯಾರಾದ್ರೂ ಮಾಡಿ ನೋಡಿದ್ದಾರಾ?

1947ರಷ್ಟು ಹಿಂದೆಯೇ ನೋಡಿದ್ದಾರೆ, ಫಲಿತಾಂಶ ಸೊಗಸಾಗಿದೆ. ಕ್ಲೋರೊಫೀನಾಕ್ಸಿ ಆಮ್ಲಗಳಲ್ಲಿ ಪಕ್ಕದ ಸರಪಳಿಯ ಕಾರ್ಬನ್ ಸಂಖ್ಯೆ ಸಮವಾದರೆ ಚಟುವಟಿಕೆ ಇದೆ, ಬೆಸವಾದರೆ ಇಲ್ಲ. ಕಾರಣ, ಗಿಡ ಕೊಬ್ಬಿನಾಮ್ಲ ಒಡೆಯುವ ಬೀಟಾ ಆಕ್ಸಿಡೇಶನ್ ದಾರಿಯಲ್ಲೇ ಇವನ್ನೂ ಎರಡೆರಡು ಕಾರ್ಬನ್ ಕಡಿಯುತ್ತಾ ಬರುತ್ತದೆ. ನಾಲ್ಕು ಕಾರ್ಬನ್‌ನ ಬ್ಯುಟಿರಿಕ್ ಆಮ್ಲ ಎರಡಕ್ಕೆ ಇಳಿದು ಕ್ರಿಯಾಶೀಲ ಅಸಿಟಿಕ್ ಆಮ್ಲವಾಗುತ್ತದೆ. ಮೂರು ಕಾರ್ಬನ್‌ನದು ಒಂದಕ್ಕೆ ಇಳಿದು ಬರೀ ಫೀನಾಲ್ ಆಗುತ್ತದೆ. ನರ್ಸರಿ ಪುಡಿಯ ಐಬಿಎ ಕೂಡ ಗಿಡದೊಳಗೆ ಹೀಗೆಯೇ ಐಎಎ ಆಗುತ್ತದೆ.

ನ್ಯಾಫ್ತಾಕ್ಸಿ ಸಾಲಿನಲ್ಲೂ ಹೀಗೆಯೇ ಆಗುತ್ತದೆಯೇ ಎಂದು ನೋಡುವುದು ಎರಡನೇ ಸೆಮಿಸ್ಟರಿನ ಕೆಲಸ. 4-ಬ್ರೋಮೊಬ್ಯುಟಿರಿಕ್ ಎಸ್ಟರಿನಿಂದ ನಾಲ್ಕು ಕಾರ್ಬನ್‌ನದು ಸರಾಗವಾಗಿ ಬರುತ್ತದೆ. 3-ಕ್ಲೋರೊಪ್ರೊಪಿಯೋನಿಕ್ ಆಮ್ಲದಿಂದ ಮೂರರದ್ದು ಮಾಡಲು ಹೋದರೆ ಕ್ಷಾರದಲ್ಲಿ ಅದು ಅಕ್ರಿಲೇಟ್ ಆಗಿ ಒಡೆಯುತ್ತದೆ, ಇಳುವರಿ ಕಡಿಮೆ ಎಂದು ಮೊದಲೇ ತಿಳಿದಿರಿ. ಬೀಜವನ್ನೂ ಯೋಚಿಸಿ ಆರಿಸಿ. ಹಲವು ದ್ವಿದಳ ಧಾನ್ಯದ ಬೆಳೆಗಳಲ್ಲಿ ಈ ಕಡಿಯುವ ಕೆಲಸ ನಿಧಾನ. 2,4-ಡಿಬಿ ಎಂಬ ಬ್ಯುಟಿರಿಕ್ ಕಳೆನಾಶಕವನ್ನು ಕುದುರೆಮೆಂತೆ, ಶೇಂಗಾ ಹೊಲಗಳಲ್ಲಿ ಬೆಳೆಗೆ ಏಟಾಗದಂತೆ ಬಳಸಲು ಆಗುವುದು ಅದರಿಂದಲೇ. ಹೆಸರುಕಾಳೂ ಅದೇ ಬಳಗದ್ದು. ಹಾಗಾಗಿ ಹೆಸರುಕಾಳಿನ ಜೊತೆ ಸಾಸಿವೆ ತಟ್ಟೆಗಳನ್ನೂ ಇಡಿ, ಎರಡರಲ್ಲೂ ಎರಡು, ಮೂರು, ನಾಲ್ಕು ಕಾರ್ಬನ್‌ನ ಸಾಲು ಪೂರ್ತಿ ಇರಲಿ.